ಮಾಹಿತಿಗೆ ತನ್ನದೇ ಮಾತು ಕೊಟ್ಟ ಎಡ್ಗರ್ ಕಾಡ್

ದ್ವಿತೀಯ ಪಿಯುಸಿ ಲ್ಯಾಬಿನಲ್ಲಿ ಪೈಥಾನ್ ಮುಗಿಸಿ ಎಸ್‌ಕ್ಯೂಎಲ್ ಶುರು ಮಾಡಿದ ದಿನ, ಒಂದು ಭಾಷೆ ಕಲಿತದ್ದಾಯಿತಲ್ಲ, ಮತ್ತೊಂದು ಯಾಕೆ ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಪ್ರಾಜೆಕ್ಟ್ ಮಾಡಲು ಕೂತ ಮೇಲೆ ಪ್ರಶ್ನೆ ಬದಲಾಗುತ್ತದೆ. ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಂ ಎಸ್‌ಕ್ಯೂಎಲ್ ಟೇಬಲ್ಲಿನ ಜೊತೆ ಮಾತಾಡುವುದು ಹೇಗೆ? ನಿಮ್ಮ ರೆಕಾರ್ಡ್ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಭಾಗ. ಹೊರಗೆ ಬ್ಯಾಂಕಾಗಲಿ, ರೈಲ್ವೆ ಟಿಕೆಟ್ಟಾಗಲಿ, ನಾಡಕಚೇರಿಯಾಗಲಿ, ಅಲ್ಲೆಲ್ಲ ಇವು ಒಂದೇ ಕೆಲಸ ಮಾಡುವ ಎರಡು ಕೈಗಳು. ಈ ಎರಡು ಕೈಗಳನ್ನು ಬೇರೆ ಮಾಡಿದವರು ಯಾರು, ಯಾಕೆ ಮಾಡಿದರು ಎಂಬುದು ಒಬ್ಬರ ಬದುಕಿನ ಕಥೆ. ಅವರ ಹೆಸರು ಎಡ್ಗರ್ ಫ್ರ್ಯಾಂಕ್ ಕಾಡ್. ಡೇಟಾಬೇಸ್ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುವ ಹೆಸರು. ಅದನ್ನೂ ನಮ್ಮ ಹುಡುಗರು ಕೋಡ್ ಎಂದೇ ಓದುತ್ತಾರೆ!

ಕಾಡ್ ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲ್ಯಾಂಡ್ ಎಂಬಲ್ಲಿ. ತಂದೆ ಚರ್ಮದ ಉದ್ಯಮದವರು, ತಾಯಿ ಶಾಲಾ ಶಿಕ್ಷಕಿ. ಏಳು ಮಕ್ಕಳಲ್ಲಿ ಇವರೇ ಕೊನೆಯವರು. ಆಕ್ಸ್‌ಫರ್ಡ್‌ನ ಎಕ್ಸೆಟರ್ ಕಾಲೇಜಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಗೆ ಸೇರಿ ಸಮುದ್ರದ ಮೇಲೆ ಗಸ್ತು ತಿರುಗುವ ವಿಮಾನ ಹಾರಿಸಿದರು. 1948ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಅವರಿಗೆ ಸಿಕ್ಕ ಮೊದಲ ಕೆಲಸ ನ್ಯೂಯಾರ್ಕಿನ ಮೇಸೀಸ್ ಎಂಬ ದೊಡ್ಡ ಅಂಗಡಿಯಲ್ಲಿ ಗಂಡಸರ ಬಟ್ಟೆ ಮಾರುವುದು. ಆಮೇಲೆ ಟೆನೆಸಿಯಲ್ಲಿ ಕೆಲವು ತಿಂಗಳು ಗಣಿತ ಪಾಠ. ಆಮೇಲೆ ಐಬಿಎಂ ಕಂಪನಿಯಲ್ಲಿ ಪ್ರೋಗ್ರಾಮರ್. ಆಗಿನ ಕಂಪ್ಯೂಟರ್ ಎಂದರೆ ಒಂದು ದೊಡ್ಡ ಹಜಾರವನ್ನೇ ತುಂಬುವ ಯಂತ್ರ.

1953ರಲ್ಲಿ ಅವರು ಆ ಕೆಲಸ ಬಿಟ್ಟು ಕೆನಡಾಕ್ಕೆ ಹೊರಟುಹೋದರು. ಸೆನೆಟರ್ ಜೋಸೆಫ್ ಮೆಕಾರ್ಥಿ ಎಂಬುವರು ಕಂಡಕಂಡವರನ್ನೆಲ್ಲ ದೇಶದ್ರೋಹಿ ಎಂದು ಕರೆದು ವಿಚಾರಣೆಗೆ ಎಳೆಯುತ್ತಿದ್ದ ಕಾಲ ಅದು. ಆ ಗಾಳಿ ಕಾಡ್ ಅವರಿಗೆ ಸಹಿಸಲಾಗಲಿಲ್ಲ. ಸಂಬಳ ಚೆನ್ನಾಗಿದೆ, ನನಗ್ಯಾಕೆ ಊರ ಉಸಾಬರಿ ಎಂದು ಕೂರಬಹುದಿತ್ತು. ಕೂರಲಿಲ್ಲ. 1957ರಲ್ಲಿ ಮತ್ತೆ ಐಬಿಎಂಗೆ ಬಂದರು. ಒಂದೇ ಯಂತ್ರದಲ್ಲಿ ಹಲವು ಪ್ರೋಗ್ರಾಂಗಳನ್ನು ಒಟ್ಟಿಗೆ ಓಡಿಸುವ ಕೆಲಸದಲ್ಲಿ ಹೆಸರು ಮಾಡಿದರು. ನಲವತ್ತರ ಆಸುಪಾಸಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ 1965ರಲ್ಲಿ ಪಿಎಚ್.ಡಿ. ಪಡೆದರು. ಅದಾದ ಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಸಂಶೋಧನಾಲಯಕ್ಕೆ ಬಂದರು. ನಮಗೆ ಬೇಕಾದ ಕಥೆ ಇಲ್ಲಿಂದ.

ಆ ಹೊತ್ತಿಗೆ ಐಬಿಎಂ ಬಳಿ ಐಎಂಎಸ್ ಎಂಬ ಡೇಟಾಬೇಸ್ ಇತ್ತು. ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಅಪೋಲೊ ಯೋಜನೆಯ ಲಕ್ಷಾಂತರ ಬಿಡಿಭಾಗಗಳ ಲೆಕ್ಕ ಇಡಲೆಂದು ಹುಟ್ಟಿದ್ದು ಅದು. ಅದರಲ್ಲಿ ಮಾಹಿತಿ ಮರದ ಹಾಗೆ ಕವಲೊಡೆದು ಕೂತಿರುತ್ತಿತ್ತು. ಇದನ್ನು ನಮ್ಮೂರು ಮಾಕವಳ್ಳಿಯ ಉದಾಹರಣೆಯಲ್ಲಿ ಹೇಳುತ್ತೇನೆ. ಕೆ.ಆರ್. ಪೇಟೆ ತಾಲ್ಲೂಕಿನ ಈ ಊರಿನ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಸಕ್ಕರೆ ಕಾರ್ಖಾನೆ. ಕಬ್ಬು ಬೆಳೆಗಾರರ ಲೆಕ್ಕವನ್ನು ಐಎಂಎಸ್ ರೀತಿಯಲ್ಲಿ ಇಟ್ಟಿದ್ದೇವೆ ಎಂದುಕೊಳ್ಳಿ (ಇದು ಪಾಠಕ್ಕಾಗಿ ಕಟ್ಟಿದ ಲೆಕ್ಕ, ಕಾರ್ಖಾನೆಯದಲ್ಲ). ಮೇಲೆ ರೈತನ ಹೆಸರು, ಅದರ ಕೆಳಗೆ ಅವನ ಸರ್ವೆ ನಂಬರುಗಳು, ಪ್ರತಿ ಸರ್ವೆ ನಂಬರಿನ ಕೆಳಗೆ ಅಲ್ಲಿಂದ ಬಂದ ಕಬ್ಬಿನ ಲೋಡುಗಳು. ಒಬ್ಬ ರೈತನ ಲೋಡುಗಳು ಬೇಕೆಂದರೆ ಸಲೀಸು. ಆದರೆ ಡಿಸೆಂಬರ್ 10ರಂದು ಬಂದ ಲೋಡುಗಳೆಲ್ಲ ಯಾವ ಯಾವ ಹೊಲದವು ಎಂದು ಕೇಳಿದರೆ? ಪ್ರೋಗ್ರಾಂ ಮೊದಲ ರೈತನ ಬಾಗಿಲಿನಿಂದ ಶುರುಮಾಡಿ, ಅವನ ಒಂದೊಂದು ಹೊಲಕ್ಕೂ ಇಳಿದು, ಮತ್ತೆ ಹತ್ತಿ, ಪಕ್ಕದ ರೈತನ ಬಾಗಿಲಿಗೆ ಹೋಗಬೇಕು. ಈ ನಡೆದಾಟದ ದಾರಿಯೆಲ್ಲ ಕೋಬಾಲ್ ಭಾಷೆಯ ಪ್ರೋಗ್ರಾಮಿನ ಒಳಗೇ ಬರೆದಿರುತ್ತಿತ್ತು. ನಾಳೆ ಯಾರೋ ಲೋಡುಗಳನ್ನು ಹೊಲದ ಕೆಳಗಿಡುವ ಬದಲು ಟ್ರ್ಯಾಕ್ಟರಿನ ಕೆಳಗೆ ಇಡೋಣ ಎಂದು ಜೋಡಣೆ ಬದಲಿಸಿದರೆ, ಹಳೆಯ ದಾರಿ ನಂಬಿದ್ದ ಪ್ರೋಗ್ರಾಂಗಳೆಲ್ಲ ಕೆಡುತ್ತಿದ್ದವು. ಲೆಕ್ಕ ಯಾರದ್ದೇ ಇರಲಿ, ಅದರ ಬೀಗದ ಕೈ ಮಾತ್ರ ಆ ಪ್ರೋಗ್ರಾಂ ಬರೆದವನ ಜೇಬಿನಲ್ಲಿ.

ಕಾಡ್ ಅವರಿಗೆ ಇದು ಸರಿಕಾಣಲಿಲ್ಲ. ಮೂಲತಃ ಗಣಿತದವರು. 1969ರಲ್ಲಿ ಕಂಪನಿಯ ಒಳಗೆ ಒಂದು ವರದಿ ಬರೆದರು. 1970ರ ಜೂನ್‌ನಲ್ಲಿ ಅದನ್ನು ಬೆಳೆಸಿ ಕಂಪ್ಯೂಟರ್ ವಿಜ್ಞಾನಿಗಳ ಸಂಘದ ಪತ್ರಿಕೆಯಲ್ಲಿ ಹನ್ನೊಂದು ಪುಟದ ಲೇಖನ ಪ್ರಕಟಿಸಿದರು. ಮರ, ಕವಲು, ಕೊಂಡಿ ಯಾವುದೂ ಬೇಡ, ಎಲ್ಲ ಮಾಹಿತಿಯನ್ನೂ ಸಾಲು ಮತ್ತು ಕಾಲಂ ಇರುವ ಟೇಬಲ್ಲುಗಳಲ್ಲಿ ಇಡೋಣ, ಏನು ಬೇಕೆಂದು ಹೇಳೋಣ, ಹೇಗೆ ಹುಡುಕಬೇಕೆಂಬುದನ್ನು ಯಂತ್ರಕ್ಕೆ ಬಿಡೋಣ ಎಂಬುದು ಅದರ ತಿರುಳು. ಇಷ್ಟನ್ನು ನೀವು ಪಾಠದಲ್ಲಿ ಓದಿದ್ದೀರಿ.

ಅದೇ ಲೇಖನದಲ್ಲಿ ಇನ್ನೊಂದು ಮಾತಿದೆ. ನನ್ನ ಮಟ್ಟಿಗೆ ಅದೂ ಟೇಬಲ್ಲಿನಷ್ಟೇ ದೊಡ್ಡ ಯೋಚನೆ. ಮಾಹಿತಿಯನ್ನು ಕೇಳಲು ಒಂದು ಕಿರುಭಾಷೆ ಇರಬೇಕು, ಅದನ್ನು ಆರ್ ಎಂದು ಕರೆಯೋಣ ಎಂದರು. ಅದು ಒಂಟಿಯಾಗಿ ಬಾಳುವುದಿಲ್ಲ, ಕೋಬಾಲ್, ಫೋರ್ಟ್ರಾನ್ ತರಹದ ಯಾವುದಾದರೂ ದೊಡ್ಡ ಭಾಷೆಯ ಒಳಗೆ ಬಂದು ನೆಲೆಸುತ್ತದೆ. ಆ ದೊಡ್ಡ ಭಾಷೆಯನ್ನು ಎಚ್ ಎಂದರು, ಅಂದರೆ ಆತಿಥ್ಯ ಕೊಡುವ ಭಾಷೆ. ಕಿರುಭಾಷೆಗೆ ಕೂಡುವ ಕಳೆಯುವ ಲೆಕ್ಕ ಕೂಡ ಬೇಡ, ಬೇಕಾದಾಗ ಆತಿಥೇಯ ಭಾಷೆಯಲ್ಲಿ ಬರೆದ ಲೆಕ್ಕವನ್ನು ಕರೆದುಕೊಂಡರೆ ಸಾಕು ಎಂದು ಬಿಟ್ಟರು. ಹೀಗೆ ಎರಡು ಭಾಷೆಗಳ ಜಮೀನಿನ ನಡುವೆ ಅವರು ಒಂದು ಬದು ಹಾಕಿದರು. ಬದುವಿನ ಆ ಕಡೆ ಏನು ಬೇಕು ಎಂಬ ಮಾತು, ಈ ಕಡೆ ಬಂದದ್ದನ್ನು ಏನು ಮಾಡಬೇಕು ಎಂಬ ಮಾತು.

ಈ ಬದು ಯಾಕೆ ಬೇಕು ಎನ್ನುವವರಿಗೆ ನಾನು ಪಹಣಿಯ ವಿಸ್ತೀರ್ಣ ತೋರಿಸುತ್ತೇನೆ. ಎರಡು ಎಕರೆ ಮೂವತ್ತು ಗುಂಟೆಯನ್ನು 2.30 ಎಂದು ಬರೆಯುತ್ತೇವೆ. ಅದಕ್ಕೆ ಇಪ್ಪತ್ತು ಗುಂಟೆ, ಅಂದರೆ 0.20 ಸೇರಿಸಿ ಎಂದರೆ ಕಂಪ್ಯೂಟರ್ 2.50 ಎನ್ನುತ್ತದೆ. ಊರಿನ ಯಾವ ರೈತನನ್ನು ಕೇಳಿದರೂ ಮೂರು ಎಕರೆ ಹತ್ತು ಗುಂಟೆ ಎನ್ನುತ್ತಾನೆ. ನಲವತ್ತು ಗುಂಟೆಗೆ ಒಂದು ಎಕರೆ ಎಂಬ ತಿಳಿವಳಿಕೆ ಟೇಬಲ್ಲಿಗೆ ತಾನಾಗಿ ಇರುವುದಿಲ್ಲ. ಹೊಲ ಯಾವುದು ಎಂದು ಹುಡುಕಿ ಕೊಡುವುದು ಒಂದು ಭಾಷೆ, ಗುಂಟೆ ಕೂಡುವುದು ಇನ್ನೊಂದು.

ಒಂದು ಭಾಷೆಯ ಒಳಗೆ ಇನ್ನೊಂದು ಬಂದು ಕೂರುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದ ಹೈದರ್, ಟಿಪ್ಪು ಕಾಲದ ದಫ್ತರದಲ್ಲಿ ಕನ್ನಡ, ಮರಾಠಿ, ಪಾರಸಿ ಮೂರೂ ನಡೆಯುತ್ತಿದ್ದವು. ಜಮೀನು, ಹಕ್ಕು, ಬಾಕಿ, ವಸೂಲಿ, ಜಮಾಬಂದಿ, ತಹಶೀಲ್ದಾರ್ ಎಲ್ಲ ಅರಬಿ, ಪಾರಸಿಯಿಂದ ಬಂದ ಮಾತುಗಳು. ಕಂದಾಯದ ಕೆಲಸಕ್ಕೆ ಆ ಪದಗಳು, ವಾಕ್ಯ ಮಾತ್ರ ಕನ್ನಡದ್ದು. ವಸೂಲಿಯನ್ನು, ಬಾಕಿಯಿಂದ, ಹಕ್ಕಿಗೆ ಎನ್ನುವಾಗ ಆತಿಥೇಯ ಭಾಷೆ ತನ್ನ ಪ್ರತ್ಯಯ ಹಚ್ಚುತ್ತದೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆದ ನಮ್ಮ ಮಕ್ಕಳಿಗೆ ಕಾಡ್ ಅವರ ಆರ್ ಮತ್ತು ಎಚ್ ಬೇರೆ ಯಾರಿಗಿಂತಲೂ ಬೇಗ ಅರ್ಥವಾಗಬೇಕು.

ಐಬಿಎಂಗೆ ಮಾತ್ರ ಅರ್ಥವಾಗಲಿಲ್ಲ, ಅಥವಾ ಆಗಿಯೂ ಬೇಕಾಗಿರಲಿಲ್ಲ. ಐಎಂಎಸ್ ಒಳ್ಳೆಯ ದುಡ್ಡು ತರುತ್ತಿತ್ತು. ತನ್ನದೇ ಸರಕನ್ನು ಹಳತು ಮಾಡುವ ಯೋಚನೆಯನ್ನು ಯಾವ ಕಂಪನಿ ತಾನೇ ತಲೆಯ ಮೇಲೆ ಹೊತ್ತು ಮೆರೆಸುತ್ತದೆ? ಕಾಡ್ ಹೋದಲ್ಲೆಲ್ಲ ಗ್ರಾಹಕರಿಗೆ ನೇರವಾಗಿಯೇ ತಮ್ಮ ವಿಚಾರ ಹೇಳಿದರು. ಅವರು ಮೃದು ಮಾತಿನವರಲ್ಲ, ಜಗ್ಗುವವರೂ ಅಲ್ಲ. 1974ರಲ್ಲಿ ಮಿಶಿಗನ್‌ನ ಆನ್ ಆರ್ಬರ್‌ನಲ್ಲಿ ಒಂದು ಚರ್ಚೆ ನಡೆಯಿತು. ಒಂದು ಕಡೆ ಕಾಡ್, ಇನ್ನೊಂದು ಕಡೆ ಚಾರ್ಲ್ಸ್ ಬಾಕ್‌ಮನ್. ಬಾಕ್‌ಮನ್ ಸಣ್ಣವರಲ್ಲ, ಹಿಂದಿನ ವರ್ಷವಷ್ಟೇ ಟ್ಯೂರಿಂಗ್ ಪ್ರಶಸ್ತಿ ಪಡೆದಿದ್ದರು. ಪ್ರೋಗ್ರಾಮರ್ ಎಂದರೆ ಮಾಹಿತಿಯ ಸಮುದ್ರದಲ್ಲಿ ದಾರಿ ಹುಡುಕುತ್ತ ಸಾಗುವ ನಾವಿಕ ಎಂಬುದು ಅವರ ನಿಲುವು. ಸಾಮಾನ್ಯ ಮನುಷ್ಯನಿಗೆ ಬೇಕಾದ್ದು ಸಿಕ್ಕಬೇಕಾದರೆ ಅವನು ನಾವಿಕನಾಗಬೇಕಾಗಿಲ್ಲ ಎಂಬುದು ಕಾಡ್ ಅವರದು.

ಅದೇ ಸಮ್ಮೇಳನದಲ್ಲಿ ಐಬಿಎಂನ ಇಬ್ಬರು ತರುಣರು, ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್, ಸೀಕ್ವೆಲ್ ಎಂಬ ಭಾಷೆಯ ಬಗ್ಗೆ ಪ್ರಬಂಧ ತಂದಿದ್ದರು. ಅದೇ ಇಂದಿನ ಎಸ್‌ಕ್ಯೂಎಲ್. ಬಾಯ್ಸ್ ಆ ವರ್ಷವೇ ಮಿದುಳಿನ ಕಾಯಿಲೆಯಿಂದ ತೀರಿಕೊಂಡರು. ತಾವು ಹುಟ್ಟಿಸಿದ ಭಾಷೆ ಎಲ್ಲಿಗೆ ಮುಟ್ಟಿತೆಂದು ನೋಡುವ ಭಾಗ್ಯ ಅವರಿಗಿರಲಿಲ್ಲ.

ಸ್ಯಾನ್ ಹೋಸೆಯಲ್ಲಿ ಸಿಸ್ಟಂ ಆರ್ ಎಂಬ ಹೆಸರಿನಲ್ಲಿ ಈ ವಿಚಾರವನ್ನು ನಿಜವಾಗಿ ಕಟ್ಟಿ ನೋಡಿದರು. ಎರಡು ಭಾಷೆಗಳನ್ನು ಜೋಡಿಸುವ ಕಷ್ಟ ಎದುರಾದದ್ದು ಅಲ್ಲಿ. ಕೋಬಾಲ್ ಪ್ರೋಗ್ರಾಮಿನ ನಡುನಡುವೆ ಎಸ್‌ಕ್ಯೂಎಲ್ ವಾಕ್ಯಗಳನ್ನು ಗುರುತು ಹಾಕಿ ಬರೆಯುತ್ತಿದ್ದರು. ಪ್ರೋಗ್ರಾಂ ಕಂಪೈಲರಿಗೆ ಹೋಗುವ ಮುಂಚೆ ಇನ್ನೊಂದು ತಂತ್ರಾಂಶ ಅದನ್ನು ಓದಿ, ಮೊರದಲ್ಲಿ ಕೇರಿದ ಹಾಗೆ ಎಸ್‌ಕ್ಯೂಎಲ್ ವಾಕ್ಯಗಳನ್ನು ಬೇರೆ ಮಾಡಿ, ಅವನ್ನು ಮೊದಲೇ ಯಂತ್ರಭಾಷೆಗೆ ತಿರುಗಿಸಿಟ್ಟು, ಅವು ಇದ್ದ ಜಾಗದಲ್ಲಿ ಒಂದು ಕರೆ ಮಾತ್ರ ಬಿಡುತ್ತಿತ್ತು. ಟರ್ಮಿನಲ್ ಮುಂದೆ ಕೂತು ಟೈಪ್ ಮಾಡುವ ವಾಕ್ಯವೇ ಪ್ರೋಗ್ರಾಮಿನ ಒಳಗೂ ನಡೆಯುತ್ತಿತ್ತು. ಲ್ಯಾಬಿನಲ್ಲಿ ಮೊದಲು ಎಸ್‌ಕ್ಯೂಎಲ್ ಪ್ರಾಂಪ್ಟಿನಲ್ಲಿ ಓಡಿಸಿ ನೋಡಿ, ಸರಿಬಂದ ಮೇಲೆ ಪೈಥಾನಿಗೆ ಹಾಕಿ ಎಂದು ನಾನು ಹೇಳುವುದು ಈ ಅನುಕೂಲದಿಂದಲೇ.

ಆದರೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಇವೆರಡರ ಸ್ವಭಾವ ಬೇರೆ. ಎಸ್‌ಕ್ಯೂಎಲ್ ಕೇಳಿದರೆ ನೂರು ಸಾಲುಗಳ ಗುಂಪನ್ನು ಒಟ್ಟಿಗೆ ಕೊಡುತ್ತದೆ. ಕೋಬಾಲ್, ಸಿ ತರಹದ ಭಾಷೆಗಳು ಒಂದು ಸಲಕ್ಕೆ ಒಂದು ದಾಖಲೆ ಹಿಡಿಯುವಂಥವು. ಇದಕ್ಕೆಂದೇ ಕರ್ಸರ್ ಬಂತು. ಬಂದ ಗುಂಪಿನ ಮೇಲೆ ಬೆರಳಿಟ್ಟು, ಒಂದು ಸಾಲು ತೆಗೆದುಕೊಂಡು, ಬೆರಳನ್ನು ಮುಂದಿನ ಸಾಲಿಗೆ ಸರಿಸುವುದು. ಪೈಥಾನಿನಲ್ಲಿ ನೀವು ಕರ್ಸರ್ ಎಂದು ಬರೆದು ಫೆಚ್ ಮಾಡುವಾಗ ಐವತ್ತು ವರ್ಷ ಹಿಂದಿನ ಆ ರಾಜಿಯನ್ನೇ ಬಳಸುತ್ತಿದ್ದೀರಿ. ಇನ್ನೊಂದು ತೊಡಕು ನಲ್ ಎಂಬ ಖಾಲಿ ಬೆಲೆಯದು. ಪಹಣಿಯ 11ನೇ ಕಾಲಂನಲ್ಲಿ ಸಾಲದ ಮೊತ್ತ ಸೊನ್ನೆ ಇರುವುದು ಬೇರೆ, ಏನೂ ಬರೆಯದೆ ಇರುವುದು ಬೇರೆ. ಎಸ್‌ಕ್ಯೂಎಲ್‌ಗೆ ಈ ವ್ಯತ್ಯಾಸ ಗೊತ್ತು. ಸಿ ಭಾಷೆಯ ಪೂರ್ಣಾಂಕಕ್ಕೆ ಗೊತ್ತಿಲ್ಲ. ಹಾಗಾಗಿ ಪ್ರತಿ ಬೆಲೆಯ ಪಕ್ಕದಲ್ಲಿ, ಇದು ಖಾಲಿಯೋ ಅಲ್ಲವೋ ಎಂದು ಹೇಳುವ ಇನ್ನೊಂದು ವೇರಿಯಬಲ್ ಇಡಬೇಕಾಯಿತು. ಪೈಥಾನಿನ ನನ್ ಇದನ್ನು ಸುಲಭ ಮಾಡಿದೆ, ಆದರೆ ನನ್ ಅನ್ನು ಸೊನ್ನೆ ಎಂದುಕೊಂಡು ಕೂಡಲು ಹೋದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಐಬಿಎಂ ಹಿಂದೆಮುಂದೆ ನೋಡುತ್ತಿದ್ದಾಗ ಪ್ರಕಟವಾದ ಪ್ರಬಂಧಗಳನ್ನು ಓದಿದ ಬೇರೆಯವರು ಮುಂದೆ ಹೋದರು. ಒರಾಕಲ್ ಎಂದು ಇಂದು ಹೆಸರಾದ ಕಂಪನಿ 1979ರಲ್ಲೇ ಎಸ್‌ಕ್ಯೂಎಲ್ ಡೇಟಾಬೇಸನ್ನು ಮಾರುಕಟ್ಟೆಗೆ ತಂದಿತು. ಬರ್ಕ್ಲಿ ವಿಶ್ವವಿದ್ಯಾಲಯದ ಇಂಗ್ರೆಸ್ ತಂಡ ತನ್ನದೇ ಪ್ರಶ್ನಾಭಾಷೆಯನ್ನು ಸಿ ಭಾಷೆಯೊಳಗೆ ಕೂರಿಸಿತ್ತು. ಐಬಿಎಂನ ಡಿಬಿ2 ಬಂದದ್ದು 1983ರಲ್ಲಿ. ಅಷ್ಟರಲ್ಲಿ ಕಾಡ್ ಅವರಿಗೆ 1981ರ ಟ್ಯೂರಿಂಗ್ ಪ್ರಶಸ್ತಿ ಬಂದಿತ್ತು. ಖುಷಿಯಾಗಿರಬೇಕಿತ್ತು, ಆದರೆ ಎಸ್‌ಕ್ಯೂಎಲ್ ಅವರಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಒಂದೇ ಸಾಲು ಎರಡು ಸಲ ಬರಲು ಬಿಡುವುದು ಗಣಿತಕ್ಕೆ ವಿರುದ್ಧ ಎಂದು ಕೊನೆಯವರೆಗೂ ಜಗಳವಾಡಿದರು.

1984ರಲ್ಲಿ ಐಬಿಎಂ ಬಿಟ್ಟರು. ಮರುವರ್ಷ, ಪ್ರತಿ ಕಂಪನಿಯೂ ತನ್ನ ಹಳೆಯ ಸರಕಿಗೆ ರಿಲೇಷನಲ್ ಎಂಬ ಚೀಟಿ ಅಂಟಿಸಿ ಮಾರುವುದನ್ನು ನೋಡಿ, ಹನ್ನೆರಡು ನಿಯಮಗಳೆಂದು ಹೆಸರಾದ ಪಟ್ಟಿ ಪ್ರಕಟಿಸಿದರು. ಎಣಿಸಿದರೆ ಹದಿಮೂರು ಸಿಗುತ್ತವೆ, ಯಾಕೆಂದರೆ ಕಂಪ್ಯೂಟರಿನವರ ಹಾಗೆ ಸೊನ್ನೆಯಿಂದ ಶುರು ಮಾಡಿದ್ದಾರೆ. ಪರೀಕ್ಷೆಗೆ ಎಲ್ಲವನ್ನೂ ಬಾಯಿಪಾಠ ಮಾಡುವವರಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಎರಡು. ಐದನೆಯದು, ಕೂತು ಕೇಳುವುದಕ್ಕೂ ಪ್ರೋಗ್ರಾಮಿನ ಒಳಗಿಂದ ಕೇಳುವುದಕ್ಕೂ ಒದಗುವ ಒಂದು ಪೂರ್ಣ ಕಿರುಭಾಷೆ ಇರಲೇಬೇಕು ಎನ್ನುತ್ತದೆ. ಹನ್ನೆರಡನೆಯದು, ಒಂದೊಂದೇ ದಾಖಲೆ ಹಿಡಿಯುವ ಕೆಳಮಟ್ಟದ ಭಾಷೆ ಏನಾದರೂ ಇದ್ದರೆ, ಆ ಹಿಂಬಾಗಿಲಿನಿಂದ ಬಂದು ಡೇಟಾಬೇಸಿನ ಕಟ್ಟುಪಾಡುಗಳನ್ನು ಮುರಿಯುವಂತಿರಬಾರದು ಎನ್ನುತ್ತದೆ.

ಆಮೇಲೆ ಭಾಷೆಗಳು ಹೆಚ್ಚಿದವು. ಪ್ರತಿ ಭಾಷೆಗೂ ಪ್ರತಿ ಡೇಟಾಬೇಸಿಗೂ ಬೇರೆ ಬೇರೆ ಜೋಡಣೆ ಬರೆಯುತ್ತ ಕೂತರೆ ಮುಗಿಯುವ ಕೆಲಸವಲ್ಲ. ಎಲ್ಲರಿಗೂ ಒಂದೇ ಅಳತೆಯ ಪ್ಲಗ್ಗು ಸಾಕೆಟ್ಟು ಎಂಬಂತೆ 1992ರಲ್ಲಿ ಮೈಕ್ರೋಸಾಫ್ಟ್‌ನ ಒಡಿಬಿಸಿ ಬಂತು. ಆಮೇಲೆ ಜಾವಾಕ್ಕೆ ಜೆಡಿಬಿಸಿ, ಪೈಥಾನಿಗೆ ಅದರದೇ ಒಂದು ಒಪ್ಪಂದ. ಅನುಕೂಲದ ಜೊತೆ ಒಂದು ಅಪಾಯವೂ ಬಂತು. ಹಳೆಯ ಕೋಬಾಲ್‌ನಲ್ಲಿ ಎಸ್‌ಕ್ಯೂಎಲ್ ವಾಕ್ಯ ಮೊದಲೇ ಗಟ್ಟಿಯಾಗಿರುತ್ತಿತ್ತು, ಹೊರಗಿನ ಬೆಲೆ ಬೇರೆಯಾಗಿ ಬಂದು ಸೇರುತ್ತಿತ್ತು. ಈಗ ವಾಕ್ಯವೇ ಒಂದು ಸ್ಟ್ರಿಂಗ್. ಅದಕ್ಕೆ ಬಳಕೆದಾರ ಟೈಪ್ ಮಾಡಿದ್ದನ್ನು ಅಂಟಿಸಿಬಿಡುವ ಆಸೆ ಎಲ್ಲರಿಗೂ.

ನಮ್ಮ ಕಾಲೇಜಿನಲ್ಲಿ ಇದನ್ನು ತೋರಿಸುವುದು ಸುಲಭ. ಸಅದ್, ಮುಆಜ್ ಎಂಬ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಕೆಲವರು ನಡುವೆ ಅಪಾಸ್ಟ್ರಫಿ ಹಾಕುತ್ತಾರೆ. ಮಂಗಳೂರು ಕಡೆಯ ಡಿಸೋಜ ಹೆಸರಿನಲ್ಲೂ ಅದಿದೆ. ಎಸ್‌ಕ್ಯೂಎಲ್‌ನಲ್ಲಿ ಪಠ್ಯ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಹೇಳುವುದೂ ಅದೇ ಚಿಹ್ನೆ. ಸ್ಟ್ರಿಂಗ್ ಅಂಟಿಸಿ ಬರೆದ ಹಾಜರಿ ಪ್ರೋಗ್ರಾಮಿಗೆ ಸಅದ್ ಹೆಸರು ಕೊಟ್ಟರೆ, ಸ ಆದ ಕೂಡಲೇ ಹೆಸರು ಮುಗಿಯಿತೆಂದು ಎಸ್‌ಕ್ಯೂಎಲ್ ತಿಳಿಯುತ್ತದೆ, ಉಳಿದದ್ದನ್ನು ಅಪ್ಪಣೆ ಎಂದು ಓದಲು ಹೋಗಿ ಮುಗ್ಗರಿಸುತ್ತದೆ. ಯಾರ ತಪ್ಪೂ ಇಲ್ಲದೆ ಒಬ್ಬ ಹುಡುಗ ರಿಜಿಸ್ಟರಿನಿಂದ ಹೊರಗೆ. ಅದೇ ಜಾಗದಲ್ಲಿ ಕಿಡಿಗೇಡಿಯೊಬ್ಬ ಹೆಸರಿನ ಬದಲು ಟೇಬಲ್ ಅಳಿಸುವ ಅಪ್ಪಣೆಯನ್ನೇ ಬರೆದರೆ ಅದು ನಡೆದುಹೋಗುವ ಅಪಾಯವೂ ಇದೆ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ. ಮದ್ದು ಹಳೆಯದೇ. ವಾಕ್ಯದಲ್ಲಿ ಹೆಸರಿನ ಜಾಗವನ್ನು ಒಂದು ಗುರುತಿನಿಂದ ಖಾಲಿ ಬಿಟ್ಟು, ಹೆಸರನ್ನು ಬೇರೆಯಾಗಿ ಕೊಡುವುದು. ಪೈಥಾನಿನ ಎಕ್ಸಿಕ್ಯೂಟ್ ಇದಕ್ಕೆ ಸಿದ್ಧವಾಗಿಯೇ ಇದೆ. ಆಗ ಹೆಸರು ಹೆಸರಾಗಿಯೇ ಉಳಿಯುತ್ತದೆ.

ಕಾಡ್ ಬದುಕಿದ್ದಾಗಲೇ ಅವರ ಟೇಬಲ್ಲುಗಳು ನಮ್ಮ ತಾಲ್ಲೂಕು ಕಚೇರಿಗೂ ಬಂದವು. ಕರ್ನಾಟಕದ ಕಂದಾಯ ಇಲಾಖೆ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಅದುವರೆಗೆ ಅವು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ತಂತ್ರಾಂಶ ಬರೆದದ್ದು ಬೆಂಗಳೂರಿನ ಎನ್‌ಐಸಿ. ಕೌಂಟರಿನವರ ಕಣ್ಣಿಗೆ ಕಾಣುವ ಪರದೆ ವಿಷುಯಲ್ ಬೇಸಿಕ್ ಭಾಷೆಯದು, ಹಿಂದೆ ಮಾಹಿತಿ ಕಾಯುವುದು ಎಸ್‌ಕ್ಯೂಎಲ್ ಸರ್ವರ್, ಕನ್ನಡ ಅಕ್ಷರ ಮೂಡಿಸಲು ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್. ರೈತ 15 ರೂಪಾಯಿ ಕೊಟ್ಟು ಪಡೆಯುತ್ತಿದ್ದ ಒಂದು ಹಾಳೆಯ ಹಿಂದೆ ಇಷ್ಟು ಕೈಗಳು ಸೇರಿದ್ದವು. ವಿಷುಯಲ್ ಬೇಸಿಕ್‌ನ ಆ ಕಾಲ ಮುಗಿಯಿತು, ಈಗ ಪಹಣಿಯನ್ನು ಮೊಬೈಲಿನಲ್ಲೇ ನೋಡುತ್ತೇವೆ. ಪರದೆ ಬದಲಾಯಿತೆಂದು 9ನೇ ಕಾಲಂನಲ್ಲಿರುವ ಅಜ್ಜನ ಹೆಸರನ್ನು ಹೊಸದಾಗಿ ಬರೆಸಬೇಕಾಗಿ ಬರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಕಾವೇರಿ ತಂತ್ರಾಂಶದಲ್ಲಿ ಕ್ರಯಪತ್ರ ನೋಂದಣಿಯಾದರೆ ವಿವರ ಭೂಮಿಗೆ ಹೋಗಿ ಖಾತೆ ಬದಲಾವಣೆ ಶುರುವಾಗುತ್ತದೆ. ಕೃಷಿ ಇಲಾಖೆಗೆ ಬೇಕಾದ ಎಫ್‌ಐಡಿ ಸಂಖ್ಯೆ ಕೊಡುವ ಫ್ರೂಟ್ಸ್ ಕೂಡ ಜಮೀನಿನ ವಿವರವನ್ನು ಭೂಮಿಯಿಂದಲೇ ತರುತ್ತದೆ. ಬೇರೆ ಬೇರೆ ಕಾಲದಲ್ಲಿ ಬರೆದ ಪ್ರೋಗ್ರಾಂಗಳು ಒಂದೇ ಸರ್ವೆ ನಂಬರನ್ನು ಕುರಿತು ಮಾತಾಡಿಕೊಳ್ಳುತ್ತವೆ. ಹನ್ನೆರಡನೇ ನಿಯಮದ ಬೆಲೆ ಇಂಥಲ್ಲಿ ಗೊತ್ತಾಗುತ್ತದೆ. ಇಷ್ಟು ಬಾಗಿಲುಗಳಲ್ಲಿ ಒಂದು ಬಾಗಿಲಾದರೂ ಕಟ್ಟುಪಾಡು ತಪ್ಪಿಸಿ ಒಳಗೆ ಬಿಟ್ಟರೆ ಹೋಗುವುದು ಯಾರದೋ ಹೊಲ.

ಐಬಿಎಂ ಬಿಟ್ಟ ಮೇಲೆ ಕಾಡ್ ಅವರು ಕ್ರಿಸ್ ಡೇಟ್ ಎಂಬ ಲೇಖಕರ ಜೊತೆ ಸೇರಿ ಸಲಹಾ ಸಂಸ್ಥೆ ನಡೆಸಿದರು. 1990ರಲ್ಲಿ ತಮ್ಮ ಮಾದರಿಯನ್ನು ಮತ್ತೆ ತಿದ್ದಿ ದೊಡ್ಡ ಪುಸ್ತಕ ಬರೆದರು. ಅದೇ ವರ್ಷ ಗಣಿತಜ್ಞೆಯೂ ಸಹೋದ್ಯೋಗಿಯೂ ಆಗಿದ್ದ ಶರಾನ್ ಅವರನ್ನು ಮದುವೆಯಾದರು. ಅವರ ವಿಚಾರದಿಂದ ಬೇರೆಯವರು ಕೋಟ್ಯಧಿಪತಿಗಳಾದರು. ಅವರು ಮಾತ್ರ ತಮ್ಮ ನಿಯಮಗಳನ್ನು ಪೂರ್ತಿ ಪಾಲಿಸುವ ಒಂದು ಡೇಟಾಬೇಸಾದರೂ ಬರಲಿ ಎಂದು ವಾದಿಸುತ್ತಲೇ ಇದ್ದರು. 2003ರ ಏಪ್ರಿಲ್ 18ರಂದು ಫ್ಲಾರಿಡಾದ ತಮ್ಮ ಮನೆಯಲ್ಲಿ ತೀರಿಕೊಂಡರು. ಆಗ ಅವರಿಗೆ 79 ವರ್ಷ.